ಬದುಕಿ ಬಂದವನ ಹೆಂಡತಿ

ಗಂಡ ಆಸ್ಪತ್ರೆಯಿಂದ ಮನೆಗೆ ಬಂದ ವಾರ ಸರ್ವಮಂಗಳಾ ಕಾಫಿ ಸೋಸಿ ಸೋಸಿ ಸುಸ್ತಾದಳು. ಪದ್ಮನಾಭನಗರದ ಆ ಮನೆಗೆ ನೆಂಟರು, ನೆರೆಯವರು, ಅಂಗಡಿ ಸಾಲಿನವರು ಒಬ್ಬರ ಹಿಂದೆ ಒಬ್ಬರು ಬರುತ್ತಲೇ ಇದ್ದರು. ನಿಂತೇಹೋಗಿದ್ದ ಹೃದಯ ಮತ್ತೆ ಹೊಡೆದುಕೊಂಡ ಮನುಷ್ಯನನ್ನು ಎಲ್ಲರಿಗೂ ಕಣ್ಣಾರೆ ನೋಡಬೇಕಿತ್ತು. ಗೌರೀಶಂಕರ ನಡುಮನೆಯ ಬೆತ್ತದ ಕುರ್ಚಿಯಲ್ಲಿ ಕೂತು ಬಂದವರಿಗೆಲ್ಲ ನಗುತ್ತಿದ್ದ. ಅವರು ಅವನ ಕೈ ಮುಟ್ಟಿ ನೋಡಿ, ಹೊರಡುವ ಮುಂಚೆ ಅಡುಗೆಮನೆಗೆ ಇಣುಕಿ ಅವಳಿಗೆ ಒಂದೇ ಮಾತು ಹೇಳುತ್ತಿದ್ದರು: ನಿನ್ನ ಮಾಂಗಲ್ಯ ಗಟ್ಟಿ ಕಣಮ್ಮ, ಹೆಸರಿಗೆ ತಕ್ಕ ಹಾಗೆ. ಅವಳೂ ತಲೆಯಾಡಿಸುತ್ತಿದ್ದಳು. ಆ ವಾರ ಅವಳಿಗೂ ಹಾಗೇ ಅನ್ನಿಸಿತ್ತು.

ಗೌರೀಶಂಕರನದು ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಗ್ರಂಥಿಗೆ ಅಂಗಡಿ. ತಿಪಟೂರು ಕಡೆಯಿಂದ ಬಂದ ಅವನ ತಂದೆ ಇಟ್ಟದ್ದು. ಮುಂದೆ ಪೂಜೆ ಸಾಮಾನು, ಹಿಂದೆ ಬೇರು ನಾರು ಚಕ್ಕೆ ಕಾಯಿ. ಗೋಡೆಯುದ್ದಕ್ಕೂ ಮರದ ಸಣ್ಣ ಸಣ್ಣ ಡ್ರಾಯರುಗಳು. ಯಾವುದರ ಮೇಲೂ ಚೀಟಿ ಇಲ್ಲ. ಎಳೆಮಗುವಿಗೆ ಬಜೆ, ಕೆಮ್ಮಿಗೆ ಅತಿಮಧುರ, ಬಾಣಂತಿಗೆ ಹಿಪ್ಪಲಿ, ಯಾರು ಏನು ಕೇಳಿದರೂ ಅವನ ಕೈ ತಾನಾಗಿಯೇ ಆ ಡ್ರಾಯರಿಗೆ ಹೋಗುತ್ತಿತ್ತು. ಜೊತೆಗೆ ಕೆಲಸಕ್ಕಿದ್ದ ಪಿಳ್ಳಣ್ಣನಿಗೂ ಅವನಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಇಬ್ಬರ ತಲೆಕೂದಲೂ ಆ ಅಂಗಡಿಯಲ್ಲೇ ನೆರೆತಿತ್ತು.

ಅದು ತೊಂಬತ್ತೇಳರ ಬೇಸಿಗೆ. ಅಂಗಡಿ ಬಾಗಿಲು ತೆಗೆದು ಇನ್ನೂ ಊದುಬತ್ತಿ ಹಚ್ಚಿರಲಿಲ್ಲ, ಗೌರೀಶಂಕರ ಎದೆ ಹಿಡಿದುಕೊಂಡು ಬೆವರುತ್ತಾ ಕೂತುಬಿಟ್ಟ. ಪಿಳ್ಳಣ್ಣ ಹಿಂದುಮುಂದು ನೋಡದೆ ಆಟೋಗೆ ಹತ್ತಿಸಿ ಹತ್ತಿರದ ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿ ನರ್ಸು ಹೆಸರು ಕೇಳಿದಳು. ತನ್ನ ಹೆಸರು ‘ಗೌರೀ’ ಎನ್ನುವಷ್ಟರಲ್ಲಿ ಗೌರೀಶಂಕರ ಬೆಂಚಿನಿಂದ ಜಾರಿ ಕೆಳಗೆ ಬಿದ್ದ. ಆಗ ಅಲ್ಲಿದ್ದವರು ಡಾಕ್ಟರ್ ತಿರುಮಲೇಶ. ನೆಲದ ಮೇಲೇ ಮೊಣಕಾಲೂರಿ ಎದೆ ಒತ್ತಲು ಶುರುಮಾಡಿದರು. ಆಮೇಲೆ ಮಂಚಕ್ಕೆ ಹಾಕಿ, ಕರೆಂಟು ಕೊಟ್ಟು, ಮತ್ತೆ ಒತ್ತಿ, ಮತ್ತೆ ಕರೆಂಟು ಕೊಟ್ಟು, ಅಂತೂ ನಾಡಿ ಸಿಕ್ಕಿತು. ಸರ್ವಮಂಗಳಾ ಬಂದು ತಲುಪಿದಾಗ ಡಾಕ್ಟರ ಶರ್ಟು ಬೆವರಿನಲ್ಲಿ ಬೆನ್ನಿಗೆ ಅಂಟಿಕೊಂಡಿತ್ತು. ಹೃದಯ ನಿಂತಿತ್ತು, ಈಗ ನಡೀತಾ ಇದೆ, ಇನ್ನು ಕಾದು ನೋಡಬೇಕು ಎಂದರು. ತನಗಿಂತ ಕಿರಿಯ ಆ ಮನುಷ್ಯನ ಕಾಲು ಮುಟ್ಟಲು ಅವಳು ಬಗ್ಗಿದಳು. ಅವರು ಮುಜುಗರದಿಂದ ಹಿಂದೆ ಸರಿದರು.

ಕೆಲವು ದಿನ ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದವನು ಒಂದು ಸಂಜೆ ಕಣ್ಣುಬಿಟ್ಟು ‘ಮಂಗಳಾ’ ಎಂದ. ಆಸ್ಪತ್ರೆಯವರು ಸಂಭ್ರಮಪಟ್ಟರು. ನಡೆದ, ಉಂಡ, ಸ್ವಂತ ಕೈಯಿಂದ ಅಂಗಿ ಗುಂಡಿ ಹಾಕಿಕೊಂಡ. ಮನೆಗೆ ಕಳಿಸಿದರು.

ನೆಂಟರ ಗಲಾಟೆ ಮುಗಿದ ಮೇಲೆ ಒಂದು ಬೆಳಿಗ್ಗೆ ಗೌರೀಶಂಕರ ಸ್ನಾನ ಮಾಡಿ ಲಿಂಗಪೂಜೆ ಮುಗಿಸಿ ತಿಂಡಿಗೆ ಬಂದ. ತಿಂದ. ಎದ್ದವನು ಮತ್ತೆ ಬಚ್ಚಲಿಗೆ ಹೋಗಿ ನೀರು ಹುಯ್ದುಕೊಳ್ಳತೊಡಗಿದ. ಯಾಕೆಂದು ಕೇಳಿದರೆ ಇನ್ನೂ ಪೂಜೆ ಆಗಿಲ್ಲವಲ್ಲ ಎಂದ. ಅವಳು ಕನ್ನಡಿ ತಂದು ಹಣೆಯ ವಿಭೂತಿ ತೋರಿಸಿದಳು. ಅವನು ನೋಡಿದ, ಕೈಯಲ್ಲಿ ಮುಟ್ಟಿಕೊಂಡ. ಇದು ನಿನ್ನೆಯದಿರಬೇಕು ಎಂದ. ಮಧ್ಯಾಹ್ನ ಇನ್ನೊಂದು ಸಲ ಸ್ನಾನಕ್ಕೆ ಹೊರಟ. ಅವಳು ನಕ್ಕಳು, ಆಮೇಲೆ ರೇಗಿದಳು, ಆಮೇಲೆ ಬಚ್ಚಲಮನೆಗೆ ಬೀಗ ಹಾಕಿದಳು. ಸಂಜೆ ಬೀಗ ನೋಡಿ ಅವನು, ಯಾರೇ ಬೀಗ ಹಾಕಿದ್ದು ಎಂದು ಕೂಗಾಡಿದ.

ಹಳೆಯದೆಲ್ಲ ಇತ್ತು. ಮದುವೆಯಲ್ಲಿ ಅವಳು ಉಟ್ಟ ಸೀರೆಯ ಬಣ್ಣ, ಅಪ್ಪ ಮೊದಲ ಸಲ ಬೈದದ್ದು, ಯಾವ ಡ್ರಾಯರಿನಲ್ಲಿ ಜಾಕಾಯಿ ಎನ್ನುವುದು. ಹೊಸದು ಮಾತ್ರ ನಿಲ್ಲುತ್ತಿರಲಿಲ್ಲ, ಜರಡಿಗೆ ನೀರು ಹುಯ್ದ ಹಾಗೆ. ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ಇಲ್ಲ. ಒಂದೊಂದು ದಿನ ಈಗ ಹೇಳಿದ್ದು ಈಗ ಇಲ್ಲ.

ಮಗಳು ಸಂಗೀತಾಳ ಮದುವೆಯ ಹೊತ್ತಿಗೆ ಇದು ಸರ್ವಮಂಗಳಾಳ ಜೀವ ಹಿಂಡಿತು. ಹುಡುಗ ಬಸವಪ್ರಸಾದ್ ವಿದ್ಯುತ್ ಮಂಡಳಿಯಲ್ಲಿ ಇಂಜಿನಿಯರ್, ಬನಶಂಕರಿಯವನೇ, ಗೊತ್ತಿದ್ದ ಮನೆತನ. ಗೌರೀಶಂಕರ ಹುಡುಗನನ್ನು ನೋಡಿ, ಮಾತಾಡಿಸಿ, ಒಪ್ಪಿಕೊಂಡ. ಎರಡು ದಿನ ಬಿಟ್ಟು, ಸಂಗೀತಾಗೆ ಎಲ್ಲಾದರೂ ಗಂಡು ನೋಡಬೇಕಲ್ಲ ಎಂದ. ನೋಡಿ ಆಗಿದೆ ಎಂದಳು ಹೆಂಡತಿ. ಯಾರು, ಯಾವ ಊರು, ತಂದೆ ಏನು ಮಾಡ್ತಾರೆ? ಎಲ್ಲ ಹೇಳಿದಳು. ಒಪ್ಪಿಕೊಂಡ. ಮರುದಿನ ಮತ್ತೆ ಅದೇ. ಹೆಚ್ಚಿನ ಸಲ ಒಪ್ಪುತ್ತಿದ್ದ. ಆದರೆ ಕೆಲವು ದಿನ, ಮನಸ್ಸು ಎತ್ತಲೋ ಇರುವಾಗ, ವಿದ್ಯುತ್ ಮಂಡಳಿಯ ಕೆಲಸ ಅಂದರೆ ಕಂಬ ಹತ್ತುವವರ ಸಹವಾಸ, ಬೇಡ ಎಂದುಬಿಡುತ್ತಿದ್ದ. ಲಗ್ನಪತ್ರಿಕೆ ಹಂಚಿದ ಮೇಲೂ ಒಂದು ಸಲ ಬೇಡ ಎಂದ. ಸಂಗೀತಾ ಅಡುಗೆಮನೆಗೆ ಬಂದು ಅತ್ತಳು.

“ಅಪ್ಪ ನಿಜವಾಗ್ಲೂ ಬೇಡ ಅಂತಿದಾರಾ, ಇಲ್ಲ ಹಂಗೇ ಅಂತಿದಾರಾ? ನಂಗೆ ಗೊತ್ತಾಗ್ತಿಲ್ಲ ಅಮ್ಮ.”

ಸರ್ವಮಂಗಳಾಳಿಗೂ ಗೊತ್ತಿರಲಿಲ್ಲ. ಈರುಳ್ಳಿ ಹೆಚ್ಚುತ್ತಿದ್ದವಳು, ನಾಳೆ ಒಪ್ತಾರೆ ಬಿಡು ಎಂದಳು. ಹೇಳಿದ ಮೇಲೆ ಆ ಮಾತು ಅವಳಿಗೇ ಅಸಹ್ಯವಾಯಿತು. ಇಪ್ಪತ್ತೈದು ವರ್ಷ ಈ ಮನುಷ್ಯನ ಮಾತಿಗೆ ಬೆಲೆ ಕೊಟ್ಟು ಬದುಕಿದವಳು ಅವಳು. ಈಗ ಅವನ ಹೌದಿಗೂ ಅರ್ಥವಿಲ್ಲ, ಇಲ್ಲಕ್ಕೂ ಅರ್ಥವಿಲ್ಲ.

ಮದುವೆ ನಡೆಯಿತು. ಗೌರೀಶಂಕರ ರೇಷ್ಮೆ ಪಂಚೆ ಉಟ್ಟು ಧಾರೆ ಎರೆದ, ಬಂದವರನ್ನು ಬಾಗಿಲಲ್ಲಿ ನಿಂತು ಉಪಚರಿಸಿದ. ಎಷ್ಟು ಚೆನ್ನಾಗಿದ್ದಾರೆ ನೋಡಿ ಎಂದು ಎಲ್ಲರೂ ಹೇಳಿದರು. ಮೂರನೆಯ ದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ಅವನು, ಸಂಗೀತಾ ಇನ್ನೂ ಬಂದಿಲ್ಲವಲ್ಲ ಎಂದು ಗೇಟಿನ ಹತ್ತಿರ ಹೋಗಿ ನಿಂತ. ಆಮೇಲೆ ಎಷ್ಟೋ ತಿಂಗಳು ಸಂಜೆಯಾದರೆ ಗೇಟಿಗೆ ಹೋಗುತ್ತಿದ್ದ.

ಅಷ್ಟರಲ್ಲಿ ಅಂಗಡಿಯಲ್ಲೂ ಕೆಟ್ಟಿತು. ಗಿರಾಕಿಗೆ ಅಳಲೆಕಾಯಿ ಕಟ್ಟಿಕೊಟ್ಟು, ಅವರು ಹೋದ ಮೇಲೆ ಡ್ರಾಯರ್ ಖಾಲಿಯಿದ್ದದ್ದು ಕಂಡು, ಸರಕು ಎಲ್ಲಿ ಹೋಯಿತು ಎಂದು ಪಿಳ್ಳಣ್ಣನನ್ನು ಕೇಳುತ್ತಿದ್ದ. ಮೊದಮೊದಲು ಪಿಳ್ಳಣ್ಣ ನಗುತ್ತಾ ಉತ್ತರ ಕೊಟ್ಟ. ದಿನಾ ಕೇಳಿದರೆ ಯಾರು ನಗುತ್ತಾರೆ? ಒಂದು ದಿನ ಗಿರಾಕಿಗಳ ಎದುರಿಗೇ ಗೌರೀಶಂಕರ, ಕದ್ದು ಮಾರ್ತಿದೀಯಾ ಎಂದುಬಿಟ್ಟ. ತನ್ನ ಯಜಮಾನನನ್ನು ಆಟೋದಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ಆಸ್ಪತ್ರೆಗೆ ಒಯ್ದ ಪಿಳ್ಳಣ್ಣ ಅಂಗಡಿ ಬೀಗದ ಕೈ ತಂದು ಸರ್ವಮಂಗಳಾಳ ಕೈಗಿಟ್ಟ. ಅವಳು ಬೇಡಿಕೊಂಡಳು.

“ಅವರಿಗೆ ಬೇಜಾರಿಲ್ಲ ಅಕ್ಕ, ಮರ್ತೋಗುತ್ತೆ,” ಎಂದ ಪಿಳ್ಳಣ್ಣ. “ನಂಗೆ ಮರೆಯಲ್ವಲ್ಲ.”

ಮರುದಿನದಿಂದ ಅವಳೇ ಅಂಗಡಿಯಲ್ಲಿ ಕೂತಳು. ಬೆಳಿಗ್ಗೆ ಅಡುಗೆ ಮುಗಿಸಿ, ಗಂಡನನ್ನು ಹೊರಡಿಸಿಕೊಂಡು, ಬಸ್ಸು ಹತ್ತಿ ನಾಲ್ಕನೇ ಬ್ಲಾಕಿಗೆ. ಅವನು ಡ್ರಾಯರು ತೆಗೆದು ಕೊಡುತ್ತಿದ್ದ, ಅವಳು ಕಟ್ಟಿ ಕಾಸು ತೆಗೆದುಕೊಳ್ಳುತ್ತಿದ್ದಳು. ನೀನ್ಯಾಕೆ ಇವತ್ತು ಅಂಗಡಿಗೆ ಬಂದೆ, ಪಿಳ್ಳಣ್ಣ ಎಲ್ಲಿ ಎಂದು ಅವನು ದಿನವೂ ಕೇಳುತ್ತಿದ್ದ. ಅವಳು ದಿನವೂ, ಊರಿಗೆ ಹೋಗಿದಾನೆ ಎನ್ನುತ್ತಿದ್ದಳು.

ಡಾಕ್ಟರ್ ತಿರುಮಲೇಶ ಆಗ ಒಂದು ಸಂಶೋಧನೆ ಮಾಡುತ್ತಿದ್ದರು. ಹೃದಯ ನಿಂತವರಲ್ಲಿ ಎಷ್ಟು ಜನರ ಹೃದಯ ಮತ್ತೆ ನಡೆಯುತ್ತದೆ, ಎಷ್ಟು ಜನ ಮನೆಗೆ ಹೋಗುತ್ತಾರೆ, ಎಷ್ಟು ಬೇಗ ಎದೆ ಒತ್ತಿದರೆ ಎಷ್ಟು ಪ್ರಯೋಜನ ಎಂಬ ಲೆಕ್ಕ. ಮನೆಗೆ ಹೋದವರ ಗತಿ ಆಮೇಲೆ ಏನಾಯಿತು ಎಂದು ಕೇಳಲು ಅಲಮೇಲು ಎಂಬ ನರ್ಸು ಆಗಾಗ ಫೋನ್ ಮಾಡುತ್ತಿದ್ದಳು. ಒಳ್ಳೆಯ ಹುಡುಗಿ, ಮೆತ್ತಗೆ ಮಾತಾಡುವವಳು. ಅಂಕಲ್ ತಾವಾಗೇ ಊಟ ಮಾಡ್ತಾರಾ, ಬಟ್ಟೆ ಹಾಕ್ಕೋತಾರಾ, ಬಾತ್‌ರೂಮಿಗೆ ಹೋಗ್ತಾರಾ, ಕೆಲಸಕ್ಕೆ ಹೋಗ್ತಾರಾ? ಎಲ್ಲಕ್ಕೂ ಹೌದು ಎನ್ನಬೇಕಾಗುತ್ತಿತ್ತು, ಯಾಕೆಂದರೆ ಎಲ್ಲವೂ ಹೌದೇ. ಒಂದು ಸಲ ಸರ್ವಮಂಗಳಾ ತಡೆದು ಹೇಳಿದಳು.

“ಊಟ ಮಾಡ್ತಾರಮ್ಮ. ಮಾಡಿದೀನಿ ಅಂತ ಗೊತ್ತಿರಲ್ಲ. ಅದನ್ನ ಬರ್ಕೋ.”

“ಆಂಟಿ, ಇಲ್ಲಿ ಹೌದು ಅಥವಾ ಇಲ್ಲ ಅಂತ ಅಷ್ಟೇ ಇದೆ.”

“ಕೆಲಸಕ್ಕೆ ಹೋಗ್ತಾರೆ, ಆದ್ರೆ ಅವರ ಹಿಂದೆ ನಾನು ಹೋಗ್ತೀನಿ. ಅದಕ್ಕೆ ಏನು ಬರ್ಕೋತೀಯಾ?”

ಅಲಮೇಲು, ಸಾರ್‌ಗೆ ಹೇಳ್ತೀನಿ ಎಂದಳು. ಹೇಳಿದಳೋ ಇಲ್ಲವೋ. ಮುಂದಿನ ಸಲ ಅವವೇ ಪ್ರಶ್ನೆಗಳು ಬಂದವು. ಫೋನ್ ಇಟ್ಟ ಮೇಲೆ ಯಾರದು ಎಂದು ಗೌರೀಶಂಕರ ಕೇಳಿದ. ಆಸ್ಪತ್ರೆಯವರು ಎಂದಳು. ಯಾರಿಗೇನಾಗಿದೆ ಎಂದು ಗಾಬರಿಯಾದ. ತನಗೆ ಎದೆನೋವು ಬಂದದ್ದಾಗಲಿ, ಬಿದ್ದದ್ದಾಗಲಿ ಅವನಿಗೆ ತಿಳಿದೇ ಇರಲಿಲ್ಲ, ತಿಳಿಸಿದರೂ ಉಳಿಯುತ್ತಿರಲಿಲ್ಲ.

ತೊಂಬತ್ತೊಂಬತ್ತರಲ್ಲಿ ಡಾಕ್ಟರು ಖುದ್ದಾಗಿ ಫೋನ್ ಮಾಡಿದರು. ಜಯನಗರದ ಒಂದು ಸಭಾಂಗಣದಲ್ಲಿ ವೈದ್ಯರ ಸಭೆ ಇದೆ, ಎದೆ ಒತ್ತಿ ಜೀವ ಉಳಿಸುವುದನ್ನು ಎಲ್ಲ ಡಾಕ್ಟರುಗಳಿಗೂ ನರ್ಸುಗಳಿಗೂ ಕಲಿಸಬೇಕೆಂದು ಹೇಳುವ ಸಭೆ. ಯಜಮಾನರನ್ನು ಕರೆದುಕೊಂಡು ಬನ್ನಿ, ಅವರನ್ನು ನೋಡಿದರೆ ನಾಲ್ಕು ಜನಕ್ಕೆ ನಂಬಿಕೆ ಬರುತ್ತದೆ ಎಂದರು. ಆ ಋಣದ ಮುಂದೆ ಅವಳಿಗೆ ಇಲ್ಲವೆನ್ನಲಾಗಲಿಲ್ಲ. ಇಸ್ತ್ರಿ ಮಾಡಿದ ಶರ್ಟು ಹಾಕಿಸಿ ಕರೆದುಕೊಂಡು ಹೋದಳು.

ಡಾಕ್ಟರು ಮೊದಲು ಅಂಕಿಅಂಶ ತೋರಿಸಿದರು. ಬಹುಪಾಲು ಇಂಗ್ಲಿಷಿನಲ್ಲಿತ್ತು. ಪಕ್ಕದಲ್ಲಿ ಕೂತಿದ್ದ ಅಲಮೇಲು ಪಿಸುಮಾತಿನಲ್ಲಿ ವಿವರಿಸಿದಳು: ಉಳಿದವರಿಗೆ ಒಂದರಿಂದ ಐದರವರೆಗೆ ಅಂಕ ಕೊಡುತ್ತಾರೆ. ಐದು ಅಂದರೆ ತೀರಿಕೊಂಡವರು. ಒಂದು ಅಂದರೆ ಎಲ್ಲ ಚೆನ್ನಾಗಿರುವವರು. ಅಂಕಲ್‌ಗೆ ಒಂದು ಬಂದಿದೆ ಎಂದು ಹೇಳುವಾಗ ಅವಳ ಮುಖ ಅರಳಿತ್ತು. ಸರ್ವಮಂಗಳಾಳಿಗೆ ಕಿವಿ ಬಿಸಿಯಾಯಿತು.

ಆಮೇಲೆ ಗೌರೀಶಂಕರನನ್ನು ವೇದಿಕೆಗೆ ಕರೆದು ಹಾರ ಹಾಕಿದರು. ಹೇಗಿದ್ದೀರಿ ಎಂದು ಡಾಕ್ಟರು ಮೈಕಿನಲ್ಲಿ ಕೇಳಿದರು. ಚೆನ್ನಾಗಿದ್ದೀನಿ ಸಾರ್. ಅಂಗಡಿ ನಡೀತಿದೆಯಾ? ನಡೀತಿದೆ, ನೀವು ಯಾವತ್ತಾದರೂ ಬನ್ನಿ. ಸಭೆ ನಕ್ಕಿತು, ಚಪ್ಪಾಳೆ ತಟ್ಟಿತು. ಡಾಕ್ಟರು ಮೈಕನ್ನು ಅವಳ ಕಡೆ ಕಳಿಸಿ, ಅಮ್ಮ ಎರಡು ಮಾತಾಡಲಿ ಎಂದರು.

ಅವಳು ಎದ್ದು ನಿಂತಳು. ನಾಲಿಗೆಯ ತುದಿಯಲ್ಲಿ ಎಲ್ಲವೂ ಇತ್ತು. ಇಲ್ಲಿಗೆ ಹೇಗೆ ಬಂದಿರಿ ಎಂದು ಅವರನ್ನು ಕೇಳಿ, ಈಗ ತಿಂಡಿಗೆ ಏನು ಕೊಟ್ಟರು ಎಂದು ಕೇಳಿ, ಈ ಡಾಕ್ಟರ ಹೆಸರೇನು ಎಂದು ಕೇಳಿ. ಅಷ್ಟು ಕೇಳಿದ್ದರೆ ಸಾಕಿತ್ತು. ಆದರೆ ವೇದಿಕೆಯ ಮೇಲೆ ಗೌರೀಶಂಕರ ಅವಳನ್ನೇ ನೋಡುತ್ತಿದ್ದ. ಈ ಜನ ಯಾರು, ಈ ದೀಪ ಯಾಕೆ ಎಂದು ತಿಳಿಯದೆ, ಹೆಂಡತಿಯೊಬ್ಬಳ ಮುಖ ಮಾತ್ರ ಗುರುತು ಹಿಡಿದು ನಗುತ್ತಿದ್ದ. ಅಷ್ಟು ಜನರ ಮುಂದೆ ಅವನನ್ನು ಬೆತ್ತಲೆ ಮಾಡಲು ಅವಳಿಗೆ ಬಾಯಿ ಬರಲಿಲ್ಲ. ಡಾಕ್ಟರಿಗೆ ನಮಸ್ಕಾರ ಎಂದಷ್ಟೇ ಹೇಳಿ ಕೂತಳು. ಇನ್ನೊಂದು ಸುತ್ತು ಚಪ್ಪಾಳೆಯಾಯಿತು.

ವಾಪಸು ಬರುವಾಗ ಆಟೋದಲ್ಲಿ ಅವನು ಕೊರಳಿನ ಹಾರ ಮುಟ್ಟಿ, ಇದ್ಯಾಕೆ ಎಂದ. ಅವಳು ಹಾರ ಕಿತ್ತು ರಸ್ತೆಗೆ ಎಸೆದಳು. ಅವನು ಬೆಪ್ಪಾಗಿ ನೋಡಿದ. ಮನೆ ಮುಟ್ಟುವಷ್ಟರಲ್ಲಿ ಅದನ್ನೂ ಮರೆತಿದ್ದ. ಸಿಟ್ಟು ಅವಳೊಬ್ಬಳಲ್ಲೇ ಉಳಿಯಿತು.

ಮರುವಾರ ಅವಳು ಒಬ್ಬಳೇ ಆಸ್ಪತ್ರೆಗೆ ಹೋಗಿ, ಟೋಕನ್ ತೆಗೆದುಕೊಂಡು, ಸರದಿ ಬರುವವರೆಗೂ ಕಾದು, ಡಾಕ್ಟರ ಎದುರು ಕೂತಳು.

“ನಮ್ಮೆಜಮಾನ್ರಿಗೆ ಒಂದು ಕೊಟ್ಟಿದೀರಂತೆ. ಆ ಅಂಕ ವಾಪಸ್ ತಗೊಳ್ಳಿ.”

ಡಾಕ್ಟರಿಗೆ ಅರ್ಥವಾಗಲಿಲ್ಲ. ಅವಳು ಹೇಳತೊಡಗಿದಳು. ಮೂರು ಸಲ ಸ್ನಾನ, ಮಗಳ ಮದುವೆ, ಪಿಳ್ಳಣ್ಣ, ಗೇಟು. ನಡುವೆ ಇಬ್ಬರು ರೋಗಿಗಳು ಇಣುಕಿದರು, ಒಂದು ಫೋನ್ ಬಂತು, ಡಾಕ್ಟರು ಗಡಿಯಾರ ನೋಡಿದರು. ನೋಡಿದ್ದು ಅವಳಿಗೆ ಕಂಡಿತು.

“ಟೈಮ್ ಆಯ್ತು ಅಂದ್ರೆ ಹೇಳಿ, ಎದ್ದು ಹೋಗ್ತೀನಿ.”

“ಇಲ್ಲ, ಕೂತ್ಕೊಳ್ಳಿ,” ಎಂದರು ಡಾಕ್ಟರು. ಅವರ ದನಿಯಲ್ಲೂ ಬೇಸರವಿತ್ತು. “ಅಮ್ಮಾ, ಹೃದಯ ನಿಂತೋರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ನನ್ನ ಕೈಯಲ್ಲೇ ಹೋಗ್ತಾರೆ. ಅವರ ಮನೆಯವರಿಗೆ ಹೊರಗೆ ಬಂದು ನಾನೇ ಹೇಳ್ಬೇಕು. ನಿಮ್ಮವರು ಒಬ್ಬರು ನಡ್ಕೊಂಡು ಹೋದ್ರು. ನಂಗೆ ಅದು ಎಷ್ಟು ದೊಡ್ಡದು ಅಂತ ನಿಮಗೆ ಗೊತ್ತಾ?”

“ಗೊತ್ತು. ಅದಕ್ಕೇ ಎರಡು ವರ್ಷ ಬಾಯಿ ಮುಚ್ಕೊಂಡಿದ್ದೆ. ಉಳಿಸಿದ್ದು ನೀವು, ಅದು ಸುಳ್ಳಲ್ಲ. ಆದ್ರೆ ಚೆನ್ನಾಗಿದಾರೆ ಅಂತ ಬರೆದಿದೀರಲ್ಲ, ಅದು ಸುಳ್ಳು. ಅವರು ಬದುಕಿದಾರೆ ಸಾರ್. ಚೆನ್ನಾಗಿಲ್ಲ. ನಾನೂ ಇಲ್ಲ.”

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಮೊದಲ ಸಲ, ಯಾರೂ ಅವಳಿಗೆ ಹೇಳದಿದ್ದದ್ದನ್ನು ಹೇಳಿದರು. ಎದೆ ಒತ್ತುವಾಗ ಮಿದುಳಿಗೆ ರಕ್ತ ಹೋಗುತ್ತದೆ, ಆದರೆ ಸಾಕಷ್ಟು ಹೋಗುವುದಿಲ್ಲ. ರಕ್ತ ಕಡಿಮೆಯಾದರೆ ಮಿದುಳಿನಲ್ಲಿ ಹೊಸ ನೆನಪು ಕೂಡಿಡುವ ಜಾಗ ಎಲ್ಲಕ್ಕಿಂತ ಮೊದಲು ಸಾಯುತ್ತದೆ. ಹಳೆಯ ನೆನಪು ಉಳಿಯುವುದು ಅದಕ್ಕೇ. ಅದು ವಾಪಸು ಬರುತ್ತದೆಯೇ ಎಂದು ಕೇಳಿದಳು. ಇಷ್ಟು ಕಾಲವಾದ ಮೇಲೆ ಬರುವುದು ಕಡಿಮೆ ಎಂದರು. ಅದಕ್ಕೊಂದು ಕಾರಣವಿದೆ ಎಂದು ತಿಳಿದು ಅವಳಿಗೆ ಒಂದು ಕ್ಷಣ ಹಗುರವೆನಿಸಿತು. ಮರುಕ್ಷಣವೇ, ಇದನ್ನು ಮನೆಗೆ ಕಳಿಸುವ ದಿನವೇ ಹೇಳಿದ್ದರೆ ಪಿಳ್ಳಣ್ಣನಿಗಾದರೂ ತಿಳಿಸಬಹುದಿತ್ತಲ್ಲ ಎಂದು ಹೊಟ್ಟೆ ಉರಿಯಿತು.

ಅಂಕವನ್ನು ಮತ್ತೆ ನೋಡುತ್ತೇನೆ ಎಂದಿದ್ದ ಡಾಕ್ಟರು ಮಾತು ಉಳಿಸಿಕೊಂಡರು, ತಮ್ಮ ಮಟ್ಟಿಗೆ. ಮನಶ್ಶಾಸ್ತ್ರ ಓದಿದ ಒಬ್ಬ ಹುಡುಗಿಯನ್ನು ಉಳಿದವರ ಮನೆಗಳಿಗೆ ಕಳಿಸಿ ನೆನಪಿನ ಪರೀಕ್ಷೆ ಮಾಡಿಸಿದರು. ಗೌರೀಶಂಕರನಂತೆ ಇನ್ನೂ ಕೆಲವರು ಇದ್ದದ್ದು ಹೊರಬಿತ್ತು. ಅವನ ಅಂಕ ಒಂದರಿಂದ ಎರಡಾಯಿತು. ಎರಡು ವರ್ಷ ಕಳೆದು ಪ್ರಬಂಧ ಅಚ್ಚಾದಾಗ ಅದರ ಪ್ರತಿ ಅಂಗಡಿಗೆ ಬಂತು. ಸಂಗೀತಾ ತವರಿಗೆ ಬಂದಿದ್ದಾಗ ಓದಿ ಕನ್ನಡದಲ್ಲಿ ಹೇಳಿದಳು. ಎಷ್ಟು ಬೇಗ ಒತ್ತಿದರು, ಎಷ್ಟು ಸಲ ಕರೆಂಟು ಕೊಟ್ಟರು, ಯಾವ ಔಷಧಿ, ಪುಟಗಟ್ಟಲೆ ಇತ್ತು. ಕೊನೆಯ ಪುಟಕ್ಕೆ ಹತ್ತಿರದಲ್ಲಿ, ಉಳಿದವರಲ್ಲಿ ಕೆಲವರ ಕುಟುಂಬದವರು ಮರೆವಿನ ತೊಂದರೆ ಹೇಳಿಕೊಂಡಿದ್ದಾರೆ, ಈ ಬಗ್ಗೆ ಹೆಚ್ಚಿನ ಅಧ್ಯಯನ ಅಗತ್ಯ ಎಂದಿತ್ತು.

“ಅಷ್ಟೇನಾ?”

“ಅಷ್ಟೇ ಅಮ್ಮ.”

“ಇನ್ನೊಂದ್ಸಲ ಓದು.”

ಸಂಗೀತಾ ಇನ್ನೊಂದು ಸಲ ಓದಿದಳು. ಪಕ್ಕದಲ್ಲಿ ಕೂತು ಕೇಳುತ್ತಿದ್ದ ಗೌರೀಶಂಕರ, ಪಾಪ, ಯಾರ ವಿಷಯ ಇದು ಎಂದ.

ಅದಾದ ಮೇಲೆ ಡಾಕ್ಟರು ಒಂದು ಉಪಕಾರ ಕೇಳಿದರು. ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದ ಬಾಗಲಕೋಟೆ ಕಡೆಯ ಒಬ್ಬನ ಹೃದಯ ಹೀಗೇ ನಿಂತು ನಡೆದಿತ್ತು. ಇನ್ನೂ ವಾರ್ಡಿನಲ್ಲಿದ್ದ. ಅವನ ಹೆಂಡತಿ ಉಮಾಶ್ರೀ ಎಂಬವಳಿಗೆ ನೀವು ಒಂದಿಷ್ಟು ಧೈರ್ಯ ಹೇಳಬೇಕು ಎಂದರು. ಧೈರ್ಯ ಹೇಳಲು ಬರುವುದಿಲ್ಲ, ಇದ್ದದ್ದು ಹೇಳುತ್ತೇನೆ ಎಂದು ಸರ್ವಮಂಗಳಾ ಹೋದಳು. ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತು, ಮನೆಗೆ ಬಂದ ಮೇಲೆ ಏನೇನಾಗಬಹುದು ಎಂದು ಒಂದೊಂದಾಗಿ ಹೇಳಿದಳು. ಆಗದೆಯೂ ಇರಬಹುದು, ಎಲ್ಲರಿಗೂ ಒಂದೇ ತರ ಆಗುವುದಿಲ್ಲ ಎಂದೂ ಸೇರಿಸಿದಳು. ಉಮಾಶ್ರೀ ಅಷ್ಟು ಹೊತ್ತಿಗೆ ಎದ್ದು ನಿಂತಿದ್ದಳು.

“ಅಕ್ಕಾರ, ನಮ್ಮನಿಯವ್ರು ಸತ್ತು ಬದುಕ್ಯಾರ. ಈಗ ಇಂಥಾ ಮಾತು ಆಡಬ್ಯಾಡ್ರಿ. ನಿಮಗ ಹಂಗಾತು ಅಂತ ನಮಗೂ ಹಂಗ ಆಗಬೇಕೇನು?”

ಸೆರಗು ಎಳೆದುಕೊಂಡು ಒಳಗೆ ಹೋದಳು. ಸರ್ವಮಂಗಳಾ ಬೆಂಚಿನ ಮೇಲೆ ಒಬ್ಬಳೇ ಉಳಿದಳು. ಹೇಳದಿದ್ದರೆ ತನಗೆ ಯಾರೂ ಹೇಳಲಿಲ್ಲವಲ್ಲ ಎಂಬ ಸಂಕಟ, ಹೇಳಿದರೆ ಇದು. ಡಾಕ್ಟರಿಗೆ ಮುಖ ತೋರಿಸದೆ ಅಂಗಡಿಗೆ ಬಂದು, ಗಂಡನ ಮೇಲೆ ವಿನಾಕಾರಣ ರೇಗಿದಳು. ಯಾಕೆ ಬೈತೀಯಾ ಮಂಗಳಾ, ನಾನೇನು ಮಾಡ್ದೆ ಎಂದ ಅವನು. ಏನೂ ಮಾಡಿರಲಿಲ್ಲ, ಪಾಪ.

ಮಳೆಗಾಲ ಕಳೆಯಿತು. ಒಂದು ಮಧ್ಯಾಹ್ನ ಗಿರಾಕಿಗಳ ನಡುವೆ ಫೋನ್ ರಿಂಗಾಯಿತು. ಆಸ್ಪತ್ರೆಯಿಂದ ನಂಬರು ತಗೊಂಡೆ ಎಂದು ಉತ್ತರ ಕರ್ನಾಟಕದ ದನಿಯೊಂದು ಹೇಳಿತು. ಹೆಸರು ಹೇಳುವ ಮುಂಚೆಯೇ ಸರ್ವಮಂಗಳಾಳಿಗೆ ಗೊತ್ತಾಯಿತು.

“ಅಕ್ಕಾರ,” ಎಂದಳು ಉಮಾಶ್ರೀ. “ಒಂದ ಮಾತು ಮ್ಯಾಲಿಂದ ಮ್ಯಾಲೆ ಕೇಳ್ತಾರ್ರೀ. ಮುಂಜಾನಿಂದ ಕೇಳಾಕತ್ಯಾರ. ನಾ ಒದರಿಬಿಟ್ಟೆ. ಈಗ ಅಳಾಕತ್ಯಾರ. ಏನ್ ಮಾಡ್ಲಿ?”

ಗಿರಾಕಿಯೊಬ್ಬ ಕೌಂಟರನ್ನು ಬೆರಳಿನಿಂದ ಕುಟ್ಟುತ್ತಿದ್ದ. ಸರ್ವಮಂಗಳಾ ಅವನಿಗೆ ಬೆನ್ನು ತಿರುಗಿಸಿ ಸ್ಟೂಲು ಎಳೆದುಕೊಂಡಳು.

“ಮೊದಲು ನೀನು ಒಂದು ಲೋಟ ನೀರು ಕುಡಿ,” ಎಂದಳು. “ಆಮೇಲೆ ಅವರು ಏನು ಕೇಳ್ತಾರೆ ಹೇಳು. ಎಲ್ಲಾದಕ್ಕೂ ನಿಜ ಹೇಳ್ಬೇಕಾಗಿಲ್ಲ.”